ಮುಳ್ಳು ಇಳಿಯುವ ತನಕ

ಆಗ ನನಗೆ ನಲವತ್ತೆರಡು ವರ್ಷ. ಅದಾಗಿ ಇಪ್ಪತ್ತಾರು ವರ್ಷ ಆಯಿತು. ಸೋಲಾಪುರದ ಒಂದು ಕಾಲೇಜಿನ ಫಿಜಿಕ್ಸ್ ಲ್ಯಾಬಿನಲ್ಲಿ ಅಟೆಂಡೆಂಟ್ ಆಗಿದ್ದೆ. ಆ ವರ್ಷ ವಿದ್ಯಾ ಎಂಬ ಹುಡುಗಿಯ ಮೂರು ವರ್ಷದ ಸಂಶೋಧನೆಯನ್ನು ನಾನು ಮೂರರ ಮಗ್ಗಿ ಹೇಳಿ ಮುಳುಗಿಸುವುದರಲ್ಲಿದ್ದೆ. ಮುಳುಗಿತೋ ಉಳಿಯಿತೋ ಅನ್ನುವುದಕ್ಕೆ ಬರುತ್ತೇನೆ. ಮೊದಲು ಕೆಲಸ ಎಂಥದ್ದು ಅಂತ ಗೊತ್ತಾಗಬೇಕು.

ನಮ್ಮೂರು ತಡವಳದ ಇಬ್ಬರು ಹುಡುಗಿಯರು ಈ ವರ್ಷ ಲ್ಯಾಬ್ ಅಟೆಂಡೆಂಟ್ ಆಗಿ ಸೇರಿದ್ದಾರೆ. "ಆಯಿ, ಕೆಲಸ ಹ್ಯಾಂಗಿರ್ತದ?" ಅಂತ ಕೇಳಲು ಬಂದರು. ಬಾಯಲ್ಲಿ ಹೇಳತೊಡಗಿದರೆ ಅರ್ಧ ಕೇಳಿ ಫೋನ್ ನೋಡುತ್ತಾರೆ. ಅದಕ್ಕೇ ಬರೆದೆ. ನಾನು ಕಲಿತದ್ದು ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆ. ಅಕ್ಷರದ ತಪ್ಪನ್ನು ಊರಿನ ಹಳೇ ಮಾಸ್ತರರು ತಿದ್ದಿದ್ದಾರೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಗಂಡ ಅದೇ ಲ್ಯಾಬಿನಲ್ಲಿ ಅಟೆಂಡೆಂಟ್ ಇದ್ದ. ಎದೆನೋವು ಬಂದು ಸತ್ತ. ಅವನ ಜಾಗಕ್ಕೆ ನನ್ನನ್ನು ತೆಗೆದುಕೊಂಡರು. ಮನೆಯಲ್ಲಿ ಹೊಲ ಇತ್ತು, ಜೋಳ ಬರುತ್ತಿತ್ತು, ತೊಗರಿ ಬರುತ್ತಿತ್ತು. ಹೊಟ್ಟೆಗಿಲ್ಲದೆ ನೌಕರಿಗೆ ಹೋದವಳಲ್ಲ ನಾನು. ಮೈದುನ ಹೊಸ್ತಿಲಲ್ಲಿ ನಿಂತು, "ಗೌಡರ ಮನಿ ಹೆಂಗಸು ಸೋಲಾಪುರಕ್ಕ ಹೋಗಿ ಬಾಟ್ಲಿ ತೊಳಿತಾಳೇನು?" ಅಂದ.

"ಮನ್ಯಾಗ ನಿಮ್ಮ ತಾಟು ಪುಕಟ ತೊಳಿತೀನಿ. ಅಲ್ಲಿ ತೊಳದ್ರ ಪಗಾರ ಕೊಡ್ತಾರ" ಅಂದೆ.

ಲ್ಯಾಬಿನ ಹಿರಿಯರು ಬಿರಾದಾರ ಸರ್. ಮಂಗಳವೇಢೆ ಕಡೆಯ ಮರವಡೆ ಎಂಬ ಊರಿನವರು. ಮನೆಮಾತು ಕನ್ನಡ, ಬೈಯುವುದು ಮರಾಠಿಯಲ್ಲಿ. ಮೊದಲನೇ ದಿನವೇ ನನ್ನ ಕೈಗೆ ಒಂದು ಗಾಜಿನ ಬಾಟಲಿ ಕೊಟ್ಟು, "ಇದು ಏನು?" ಅಂತ ಕೇಳಿದರು. ಬೆರಳಿಗೆ ಹಚ್ಚಿ ನೋಡಿದೆ. ಗ್ಲಿಸರಿನ್. ಥಂಡಿ ದಿನದಲ್ಲಿ ತುಟಿಗೆ, ಒಡೆದ ಹಿಮ್ಮಡಕ್ಕೆ ಹಚ್ಚುತ್ತೇವಲ್ಲ, ಅದೇ.

"ಇದನ್ನ ಏನ್ ಮಾಡ್ತೀರ್ರಿ?"

"ಥಂಡ ಮಾಡ್ತೀವಿ. ಥಂಡ ಮಾಡಿ, ಒಳಗಿನ ಕಣ ಹ್ಯಾಂಗ ತಿರಗತಾವ ಅಂತ ನೋಡ್ತೀವಿ."

"ನೋಡಿ?"

"ನೋಡೂದಷ್ಟ."

ಇವರಿಗೆ ಬೇರೆ ಕೆಲಸ ಇಲ್ಲ ಅಂದುಕೊಂಡೆ. ಇಪ್ಪತ್ತು ವರ್ಷ ನಾನೂ ಅದನ್ನೇ ನೋಡಿದೆ.

ನೀರು ಥಂಡ ಆದರೆ ಒಂದು ಹೊತ್ತಿಗೆ ಪಟ್ಟನೆ ಮಂಜುಗಡ್ಡೆ ಆಗುತ್ತದೆ. ತುಪ್ಪವೂ ಹಾಗೇ, ಹರಳುಗಟ್ಟುತ್ತದೆ. ಗ್ಲಿಸರಿನ್ ಹಾಗಲ್ಲ. ಗಡ್ಡೆ ಕಟ್ಟಬೇಕಾದ ಹೊತ್ತು ದಾಟಿ ಹೋದರೂ ಕಟ್ಟುವುದಿಲ್ಲ. ಕಾಕಂಬಿಯ ಹಾಗೆ ದಪ್ಪ ಆಗುತ್ತದೆ, ಇನ್ನೂ ಥಂಡ ಮಾಡಿದರೆ ಇನ್ನೂ ದಪ್ಪ, ಕಡೆಗೆ ಗಾಜು. ನೋಡಿದರೆ ಕಲ್ಲು, ಒಳಗೆ ಇನ್ನೂ ಎಣ್ಣೆಯದೇ ಗುಣ. ಎಲ್ಲಿ ಎಣ್ಣೆ ಮುಗಿಯಿತು, ಎಲ್ಲಿ ಗಾಜು ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ. ಆ ಗೆರೆಯ ಸುತ್ತಮುತ್ತ ಏನು ನಡೆಯುತ್ತದೆ ಅನ್ನುವುದೇ ಸರ್ ಅವರ ಆಯುಷ್ಯದ ಕೆಲಸ.

ಥಂಡ ಮಾಡಲು ದ್ರವ ನೈಟ್ರೋಜನ್ ಬರುತ್ತಿತ್ತು. ಉದ್ದ ಕುತ್ತಿಗೆಯ ದೊಡ್ಡ ಕ್ಯಾನು. ಅದನ್ನು ಟೆಂಪೋದಿಂದ ಇಳಿಸಿದ ದಿನ ಎಂ.ಎಸ್ಸಿ. ಹುಡುಗರೆಲ್ಲ ಸುತ್ತ ನಿಂತಿದ್ದರು. ನನಗೆ ಗುರುತು ಹತ್ತಿತು.

"ಇದು ನಮ್ಮೂರ ಢೋರ ಡಾಕ್ಟರ ಕಡೆ ಐತ್ರಿ ಸರ್. ಇದರಾಗ ಹೋರಿ ಬೀಜ ಇಟ್ಟಿರ್ತಾರ."

ಹುಡುಗರು ಬಿದ್ದು ಬಿದ್ದು ನಕ್ಕರು. ಸರ್ ನಗಲಿಲ್ಲ. "ನಮ್ಮ ಕ್ಯಾನದಾಗ ಹೋರಿ ಇಲ್ಲ ನೀಲಾಬಾಯಿ, ಬರೇ ಥಂಡಿ ಅದ. ಆದ್ರ ಹೋರಿಕಿಂತ ಜೋರ ಹಾಯತದ" ಅಂದರು. ಖರೆ ಮಾತು. ಒಂದು ಸಲ ಒದ್ದೆ ಕೈಯಿಂದ ಕ್ಯಾನಿನ ಬಾಯಿ ಹಿಡಿದೆ. ಎರಡು ಬೆರಳಿನ ಚರ್ಮ ಅಲ್ಲೇ ಉಳಿಯಿತು. ಹುಡುಗಿಯರೇ, ಕೈ ಒಣಗಿರಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ, ಬಾಗಿಲು ತೆರೆದಿರಲಿ. ಸುರಿಯುವಾಗ ಯಾರೂ ಮಾತಾಡಿಸಬಾರದು, ಸರ್ ಆದರೂ ಸರಿ.

ಇನ್ನೊಂದು ತಪ್ಪು ಹೇಳುತ್ತೇನೆ. ಗ್ಲಿಸರಿನ್ ಗಾಳಿಯೊಳಗಿನ ನೀರು ಕುಡಿಯುತ್ತದೆ. ಅದಕ್ಕೇ ಅದನ್ನು ಮೊದಲು ಕಾಸಿ, ಪಂಪ್ ಹಚ್ಚಿ ಗಾಳಿ ಎಳೆದು, ಒಣಗಿಸಿ, ನೀಲಿ ಮಣಿ ಹಾಕಿದ ಗಾಜಿನ ಪಾತ್ರೆಯಲ್ಲಿ ಮುಚ್ಚಿಡಬೇಕು. ಮಣಿ ಗುಲಾಬಿ ಆದರೆ ಅವಕ್ಕೆ ನೀರು ತಾಗಿದೆ, ಹುರಿದು ಮತ್ತೆ ನೀಲಿ ಮಾಡಬೇಕು. ನಾನು ಸೇರಿದ್ದು ಬೇಸಿಗೆಯಲ್ಲಿ. ಸೋಲಾಪುರದ ಮೇ ತಿಂಗಳ ಗಾಳಿಯಲ್ಲಿ ನೀರು ಎಲ್ಲಿಂದ ಬರಬೇಕು? ಬಾಟಲಿ ತೆರೆದಿಟ್ಟು ಊಟಕ್ಕೆ ಹೋದರೂ ನಡೆಯುತ್ತಿತ್ತು. ಅದೇ ರೂಢಿ ಆಯಿತು. ಆಷಾಢದಲ್ಲಿ ಸಿಕ್ಕಿಬಿದ್ದೆ. ಒಂದು ತಿಂಗಳ ಅಂಕಿ ಎಲ್ಲ ಹುಚ್ಚುಹುಚ್ಚಾಗಿ ಬಂದವು. ಸರ್ ಮರಾಠಿಯಲ್ಲಿ ಬೈದರು. ಬೈದು ಮುಗಿಸಿ ಕೆಳಗೆ ನೋಡಿದರು.

"ನೀಲಾಬಾಯಿ, ಲ್ಯಾಬಿನ್ಯಾಗ ಎಲ್ಲಾರ ಹಿಮ್ಮಡ ಒಡದಾವ. ನಿಮ್ಮವಷ್ಟ ಯಾಕ ಮಿಂಚಾಕತ್ತಾವ?"

ಅಳತೆ ಮುಗಿದ ಮೇಲೆ ಚೆಲ್ಲುವ ಗ್ಲಿಸರಿನ್ ಅದು. ಹಾಗೆಂದು ಹೇಳಿದೆ. "ಚೆಲ್ಲೂದನ್ನ ಹಚ್ಕೋರಿ. ಬಾಟ್ಲಿ ಮುಚ್ಚರಿ" ಅಂದರು. ಅವತ್ತಿನಿಂದ ಬಾಟಲಿ ತೆರೆದಿಟ್ಟವಳಲ್ಲ.

ಇನ್ನು ವಿದ್ಯಾ. ಸೋಲಾಪುರದ ವ್ಯಾಪಾರಸ್ಥರ ಮಗಳು, ಅಪ್ಪನದು ಚಾದರಿನ ಅಂಗಡಿ. ಪಿಎಚ್.ಡಿ. ಮಾಡಲು ಬಂದಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನನ್ನನ್ನು ಎಲ್ಲರ ಹಾಗೆ ಮಾವಶಿ, ಅಂದರೆ ಚಿಕ್ಕಮ್ಮ, ಅಂತಲೇ ಕರೆದಳು. ಆದರೆ ಎಲ್ಲರ ಹಾಗೆ ನನಗೆ ಬರೀ ಬಾಟಲಿ ತೊಳೆಯಲು ಹೇಳಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು.

"ಮಾವಶಿ, ಗ್ಲಿಸರಿನ್‌ದ ಒಂದೊಂದು ಕಣಕ್ಕ ಮೂರು ಕೈ ಅಂತ ತಿಳಕೋರಿ. ಆ ಕೈಲೆ ಬಾಜೂದವರ ಕೈ ಹಿಡಕೊಂಡಿರ್ತಾವ. ಒಂದು ತಿರಗಬೇಕಂದ್ರ ಕೈ ಬಿಡಬೇಕು, ಬ್ಯಾರೇದವರದು ಹಿಡೀಬೇಕು. ಥಂಡ ಆದಂಗ ಆದಂಗ ಬಿಡೂದು ಕಠಿಣ ಆಗ್ತದ."

"ಅಂದ್ರ ಗುರುವಾರದ ಅಕ್ಕಲಕೋಟ ಬಸ್ಸು" ಅಂದೆ.

"ಹ್ಯಾಂಗ?"

"ಬಸ್ಸು ಖಾಲಿ ಇದ್ರ ಕಂಡಕ್ಟರ ಮುಂದ ಸರೀರಿ ಅಂದ ಕೂಡಲೇ ಸರೀತಾರ. ಗುರುವಾರ ಸ್ವಾಮಿ ದರ್ಶನಕ್ಕ ಹೋಗಾವರಿಂದ ತುಂಬಿರ್ತೈತಿ. ಅವ ಒದರತಾನ, ಇವ ಸರದ್ರ ಅಂವ ಸರೀಬೇಕು, ಅಂವ ಸರದ್ರ ಮತ್ತೊಬ್ಬ. ಎಲ್ಲಾರೂ ಸರದು ಮುಗಿಯೂದರಾಗ ಅಕ್ಕಲಕೋಟ ಬಂದಿರ್ತೈತಿ."

ವಿದ್ಯಾ ಎದ್ದು ಹೋಗಿ ಸರ್ ಅವರಿಗೆ ಅದನ್ನು ಹೇಳಿದಳು. ಮುಂದೆ ಸರ್ ಕ್ಲಾಸಿನಲ್ಲಿ ಅದನ್ನೇ ಹೇಳುತ್ತಿದ್ದರಂತೆ, ನನ್ನ ಹೆಸರು ಹೇಳದೆ.

ನಮ್ಮ ಅಳತೆ ಅಂದರೆ ಆ ಕಂಡಕ್ಟರನ ಕೆಲಸವೇ. ಎರಡು ಉಕ್ಕಿನ ತಟ್ಟೆ, ನಡುವೆ ಗ್ಲಿಸರಿನ್, ಅದು ಥಂಡ ಡಬ್ಬಿಯೊಳಗೆ. ಸ್ವಿಚ್ಚು ಒತ್ತಿದರೆ ತಟ್ಟೆಗಳಿಗೆ ಕರೆಂಟಿನ ಒತ್ತು ಬೀಳುತ್ತದೆ, ಕಣಗಳು ಆ ಕಡೆಗೆ ತಿರುಗಲು ಹೊರಡುತ್ತವೆ, ಮೀಟರಿನ ಮುಳ್ಳು ಮೇಲೆ ಹಾರುತ್ತದೆ. ಕಣಗಳು ತಿರುಗಿ ಮುಗಿಯುತ್ತ ಬಂದ ಹಾಗೆ ಮುಳ್ಳು ಇಳಿಯುತ್ತದೆ. ಮೀಟರಿನ ಗಾಜಿನ ಮೇಲೆ ವಿದ್ಯಾ ತನ್ನ ಉಗುರಿಗೆ ಹಚ್ಚುವ ಕೆಂಪು ಬಣ್ಣದಿಂದ ಒಂದು ಚುಕ್ಕೆ ಇಟ್ಟಿದ್ದಳು. ಮುಳ್ಳು ಆ ಚುಕ್ಕೆಗೆ ಬರಲು ಎಷ್ಟು ಹೊತ್ತು ಹಿಡಿಯಿತು, ಅದನ್ನು ಸ್ಟಾಪ್‌ವಾಚಿನಲ್ಲಿ ನೋಡಿ ವಹಿಯಲ್ಲಿ ಬರೆಯಬೇಕು. ಒಂದೊಂದು ಥಂಡಿಯ ಮಟ್ಟಕ್ಕೆ ನಾವು ಮೆಟ್ಟಿಲು ಅನ್ನುತ್ತಿದ್ದೆವು. ಒಂದು ಮೆಟ್ಟಿಲಿಗೆ ಮೂರು ಸಲ. ಪ್ರತಿ ಸಲದ ನಡುವೆ ಗ್ಲಿಸರಿನ್ನಿಗೆ ವಿಶ್ರಾಂತಿ. ಆಮೇಲೆ ಎರಡು ಡಿಗ್ರಿ ಕೆಳಗಿಳಿಸಿ ಮತ್ತೆ ಅದೇ.

ಈಗ ಇದೆಲ್ಲ ಮಶೀನು ತಾನೇ ಮಾಡುತ್ತದೆ. ಸಂಜೆ ಬಟನ್ ಒತ್ತಿ ಹೋದರೆ ಬೆಳಿಗ್ಗೆ ಕಾಗದದ ಮೇಲೆ ಗೆರೆ ಸಿದ್ಧ ಇರುತ್ತದೆ. ಒಳ್ಳೆಯದೇ. ಆದರೆ ಒಂದು ಮಾತು ಮಶೀನಿಗೂ ನೀವೇ ಹೇಳಬೇಕು: ಎಷ್ಟು ಕಾಯಬೇಕು ಅನ್ನುವುದು. ಸೊನ್ನೆಯಿಂದ ಎಂಬತ್ತು ಡಿಗ್ರಿ ಕೆಳಗೆ ಇಳಿಸಿದಾಗ ಥರ್ಮಾಮೀಟರ್ ಬೇಗ ಮುಟ್ಟುತ್ತದೆ, ಗ್ಲಿಸರಿನ್ ಮುಟ್ಟಿರುವುದಿಲ್ಲ. ಒಳಗೆ ಅದು ಇನ್ನೂ ಹಿಂದಿನ ಮೆಟ್ಟಿಲಿನಲ್ಲೇ ಇರುತ್ತದೆ. ಈ ಮೆಟ್ಟಿಲಿಗೆ ಒಗ್ಗಿಕೊಳ್ಳಲು ಅದಕ್ಕೆ ತಾಸುಗಟ್ಟಲೆ ಬೇಕು. ಅವಸರ ಮಾಡಿ ಸ್ವಿಚ್ಚು ಒತ್ತಿದರೆ ಮುಳ್ಳು ಬೇಗ ಇಳಿಯುತ್ತದೆ, ಸುಳ್ಳು ಅಂಕಿ ಬರುತ್ತದೆ. ಕೆಳಗಿನ ಮೆಟ್ಟಿಲುಗಳಿಗೆ ಸರ್ ಹಾಕಿದ ನಿಯಮ ಐದು ತಾಸು. ಯಾರ ಅಂಕಿ ವಿಚಿತ್ರ ಬಂದರೂ ಅವರು ಕೇಳುತ್ತಿದ್ದುದು ಒಂದೇ: "ಕಾದೀರೇನು?"

ಮೂರನೇ ವರ್ಷ, ಕೆಳಗಿನ ಮೆಟ್ಟಿಲುಗಳು ಮಾತ್ರ ಬಾಕಿ ಇದ್ದಾಗ, ವಿದ್ಯಾಗೆ ಟೈಫಾಯ್ಡ್ ಆಯಿತು. ಒಂದೂವರೆ ತಿಂಗಳು ಮನೆಯಲ್ಲಿ ಮಲಗಿದಳು. ಮಲಗಿದಲ್ಲಿಂದಲೇ ಸರ್ ಅವರಿಗೆ ಹೇಳಿಕಳಿಸಿದಳು: ಮಾವಶಿಗೆ ಎಲ್ಲ ಬರುತ್ತದೆ, ಅವರೇ ಅಳೆಯಲಿ. ಸರ್ ಒಪ್ಪಿದರು. ಅವರಿಗೆ ಪರೀಕ್ಷೆಯ ಕೆಲಸ, ಮೀಟಿಂಗು, ದಿನಕ್ಕೊಮ್ಮೆ ಇಣುಕಿ ಹೋಗುತ್ತಿದ್ದರು.

ನನ್ನ ದಿನ ಹೀಗಿತ್ತು. ಹತ್ತಕ್ಕೆ ಲ್ಯಾಬು. ಕ್ಯಾನು ಸುರಿದು ಮೆಟ್ಟಿಲು ಮುಟ್ಟುವಷ್ಟರಲ್ಲಿ ಹನ್ನೊಂದು. ಐದು ತಾಸು ಕಾದರೆ ನಾಲ್ಕು. ನಾಲ್ಕೂವರೆಯ ಬಸ್ಸು ಹಿಡಿದರೆ ಅಕ್ಕಲಕೋಟದಲ್ಲಿ ತಡವಳದ ಕಡೇ ಬಸ್ಸು ಸಿಗುತ್ತದೆ. ಮೇಲಿನ ಮೆಟ್ಟಿಲುಗಳಲ್ಲಿ ಮುಳ್ಳು ಇಪ್ಪತ್ತು ಸೆಕೆಂಡಿಗೆ, ಒಂದು ನಿಮಿಷಕ್ಕೆ ಇಳಿಯುತ್ತಿತ್ತು. ಮೂರು ಸಲ ಅಳೆದು ಓಡುತ್ತಿದ್ದೆ. ಆಮೇಲೆ ಮೂರು ನಿಮಿಷದ ಮೆಟ್ಟಿಲು ಬಂತು. ಅದನ್ನೂ ಅಳೆದೆ, ಬಸ್ ಸ್ಟ್ಯಾಂಡಿಗೆ ರಿಕ್ಷಾದಲ್ಲಿ ಹೋದೆ. ಅದರ ಕೆಳಗೆ ಇನ್ನೂ ಎರಡು ಮೆಟ್ಟಿಲು. ಅವನ್ನು ಅಳೆಯುತ್ತ ಕೂತರೆ ಬಸ್ಸು ಹೋಯಿತು.

ಬಸ್ಸು ಹೋದರೆ ಏನಾಗುತ್ತಿತ್ತು? ನನ್ನ ಎಮ್ಮೆ ಆಗಷ್ಟೇ ಈದಿತ್ತು. ಅದು ನನ್ನ ಕೈಗಲ್ಲದೆ ತೊರೆಬಿಡುತ್ತಿರಲಿಲ್ಲ, ಹಾಲು ಇಳಿಸುತ್ತಿರಲಿಲ್ಲ. ಒಂದು ದಿನ ಮೈದುನನ ಹೆಂಡತಿ ನನ್ನ ಸೀರೆ ಉಟ್ಟು ಕೂತಳು. ಒದ್ದು ತಂಬಿಗೆ ಚೆಲ್ಲಿತು. ಹಾಲು ಕಟ್ಟಿ ಕೆಚ್ಚಲು ಬಾತರೆ ಎಮ್ಮೆಯೇ ಹೋಯಿತು. ಇದು ಕಾರಣ. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಸರ್ ಅವರಿಗೆ ಹೇಳಿದ್ದರೆ ಬೇರೆ ಯಾರನ್ನಾದರೂ ಕೂರಿಸುತ್ತಿದ್ದರು. ಅದೂ ಹೇಳಲಿಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬರು ಕೂರುವುದು ನನಗೆ ಬೇಡವಾಗಿತ್ತು. ಮೀಟರಿನ ಮುಂದೆ ಕೂತು ಸೊಕ್ಕು ಬಂದಿತ್ತು.

ಮತ್ತೆ, ಉತ್ತರ ನನಗೆ ಗೊತ್ತೇ ಇದೆ ಅನ್ನಿಸಿತು. ಇಪ್ಪತ್ತು ಸೆಕೆಂಡು, ಆಮೇಲೆ ಒಂದು ನಿಮಿಷ, ಆಮೇಲೆ ಮೂರು ನಿಮಿಷದ ಮೇಲೆ ಚೂರು. ಪ್ರತಿ ಮೆಟ್ಟಿಲಿಗೆ ಮೂರು ಪಟ್ಟು. ಮೂರು ಒಂದಲೆ ಮೂರು, ಮೂರು ಮೂರಲೆ ಒಂಬತ್ತು, ಮೂರು ಒಂಬತ್ತಲೆ ಇಪ್ಪತ್ತೇಳು. ಬೆತ್ತದ ಏಟು ತಿಂದು ಕಲಿತ ಮಗ್ಗಿ, ತಪ್ಪುವುದಿಲ್ಲ. ಮುಂದಿನ ಮೆಟ್ಟಿಲಿಗೆ ಒಂಬತ್ತು ನಿಮಿಷ ಬರೆದೆ. ಅದರ ಮುಂದಿನದಕ್ಕೆ ಇಪ್ಪತ್ತೇಳು. ಮೂರು ಸಲದ ಅಂಕಿ ಒಂದೇ ಇದ್ದರೆ ಸಂಶಯ ಬರುತ್ತದೆ ಅಂತ ಒಂದಕ್ಕೆ ನಾಲ್ಕು ಸೆಕೆಂಡು ಹೆಚ್ಚು, ಇನ್ನೊಂದಕ್ಕೆ ಎರಡು ಕಡಿಮೆ ಹಾಕಿದೆ. ಸುಳ್ಳಿಗೂ ಉಪ್ಪು ಖಾರ ಬೇಕಲ್ಲ. ಅಂಕಿ ಖಾತ್ರಿ ಮಾಡಿಕೊಳ್ಳಲು ಹೊಸ ಗ್ಲಿಸರಿನ್ ತುಂಬಿ ಎಲ್ಲ ಮೆಟ್ಟಿಲು ಮತ್ತೆ ಅಳೆಯಬೇಕಿತ್ತು. ಹಾಗೆ ಒಟ್ಟು ಮೂರು ಸಲ ತುಂಬಿದೆ. ಮೂರು ಸಲವೂ ಮೇಲಿನದನ್ನೆಲ್ಲ ಅಳೆದೆ, ಕೆಳಗಿನ ಎರಡನ್ನು ಮಗ್ಗಿಯಿಂದ ಬರೆದೆ. ಒಟ್ಟು ಆರು ಸಾಲು.

ವಿದ್ಯಾ ಎದ್ದು ಬಂದಳು. ಮೈಮೇಲೆ ಮಾಂಸ ಇರಲಿಲ್ಲ. ವಹಿ ತೆಗೆದುಕೊಂಡು ಎರಡು ದಿನ ಮೂಲೆಯಲ್ಲಿ ಕೂತು ಗ್ರಾಫ್ ಎಳೆದಳು. ಮೂರನೇ ದಿನ ಸರ್ ಅವರ ಖೋಲಿಗೆ ಓಡಿದಳು. ಬಾಗಿಲು ಹಾಕಿಕೊಂಡು ಒಂದು ತಾಸು ಮಾತಾಡಿದರು. ಆಮೇಲೆ ಸರ್ ಹೊರಗೆ ಬಂದು ನನ್ನ ಮುಂದೆ ನಿಂತರು.

"ನೀಲಾಬಾಯಿ, ಕಡೀ ಎರಡು ಮೆಟ್ಟಲಕ್ಕ ಐದು ತಾಸು ಕಾದೀರೇನು?"

"ಕಾದೀನ್ರಿ ಸರ್."

"ಪ್ರತಿ ಸಲ?"

"ಪ್ರತಿ ಸಲ."

ಅದು ಸುಳ್ಳಲ್ಲ. ಕಾದಿದ್ದೆ. ಕಾದು, ಅಳೆಯದೆ ಬಸ್ಸಿಗೆ ಹೋಗಿದ್ದೆ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಕೇಳದ್ದನ್ನು ನುಂಗಿದೆ. ಹುಡುಗಿಯರೇ, ಲ್ಯಾಬಿನಲ್ಲಿ ಪೂರ್ತಿ ಸುಳ್ಳಿಗಿಂತ ಇಂಥ ಖರೆ ಮಾತು ಹೆಚ್ಚು ಕೆಡಿಸುತ್ತದೆ.

ಅವತ್ತು ವಿದ್ಯಾ ಪೇಢೆ ತಂದಳು. ನನ್ನ ಕೈಗೆ ಎರಡು ಕೊಟ್ಟು ಗ್ರಾಫ್ ಬಿಚ್ಚಿದಳು.

"ನೋಡ್ರಿ ಮಾವಶಿ. ಥಂಡ ಆದಂಗ ಗೆರಿ ಹ್ಯಾಂಗ ಏರತದ ನೋಡ್ರಿ. ಮೆಟ್ಟಲಕ್ಕ ಮೆಟ್ಟಲ ಕಡಿದಾಗ್ತದ. ಮೊದಲ ಎರಡು ಪಟ್ಟು ಇದ್ದದ್ದು ಎರಡೂವರೆ ಆಗ್ತದ, ಆಮ್ಯಾಲ ಮೂರು. ಇಲ್ಲಿಂದ ಮುಂದ ಅದು ಮೂರೂವರಿ, ಮೂರೂಮುಕ್ಕಾಲ ಆಗಬೇಕಿತ್ತು. ಎಲ್ಲಾರೂ ಹಂಗ ಅಂತಾರ. ನಮ್ಮದ ನೋಡ್ರಿ, ಇಲ್ಲಿಗೆ ಬಂದು ಸೀದಾ ಆಗೇದ. ಮೂರಕ್ಕ ನಿಂತುಬಿಟ್ಟದ!"

"ಅಂದ್ರ?"

"ಅಂದ್ರ ಅಷ್ಟು ಥಂಡಿಯಾಗ ಕಣ ತಿರಗೂ ರೀತಿನ ಬದಲಾಗ್ತದ. ಇದು ಹೊಸಾ ಮಾತು ಮಾವಶಿ. ಸರ್ ಪುಣೆದ ವಿಜ್ಞಾನ ಸಭಾದಾಗ ಓದತಾರ. ನನ್ನ ಥೀಸಿಸ್ ಎಲ್ಲಾ ಇದರ ಮ್ಯಾಲ ನಿಂದ್ರತದ. ನಾ ಮಲಗಿದಾಗ ನೀವು ಮಾಡಿದ್ದು ಇದು. ಪುಸ್ತಕದಾಗ ನಿಮ್ಮ ಹೆಸರ ಹಾಕ್ತೀನಿ."

ಪೇಢೆ ಬಾಯಲ್ಲಿತ್ತು. ನುಂಗಿದೆ. ಅವಳ ಬೆರಳು ಇದ್ದದ್ದು ಆ ಆರು ಸಾಲಿನಿಂದ ಬಂದ ಚುಕ್ಕೆಗಳ ಮೇಲೆ. ಗ್ಲಿಸರಿನ್ ಸೀದಾ ಆಗಿರಲಿಲ್ಲ. ನನ್ನ ಮಗ್ಗಿ ಸೀದಾ ಇತ್ತು. ಮೂರರ ಮಗ್ಗಿಗೆ ಮೂರೂವರೆ ಆಗಲು ಬರುವುದಿಲ್ಲ. ಮುಂದೆ ಸರಿಯಾಗಿ ಅಳೆದಾಗ ಒಂಬತ್ತರ ಜಾಗದಲ್ಲಿ ಹನ್ನೊಂದು ಬಂತು, ಇಪ್ಪತ್ತೇಳರ ಜಾಗದಲ್ಲಿ ನಲವತ್ತು ದಾಟಿತು.

ನಾಲ್ಕು ದಿನ ಬಾಯಿ ಬಿಡಲಿಲ್ಲ. ನಾಲ್ಕು ದಿನವೂ ಹೇಳಬೇಕು ಅಂದುಕೊಂಡು ಹೋಗುತ್ತಿದ್ದೆ, ಲ್ಯಾಬಿನಲ್ಲಿ ಹಬ್ಬದ ಕಳೆ ನೋಡಿ ಹಿಂದೆ ಸರಿಯುತ್ತಿದ್ದೆ. ಯಾರಾದರೂ ಬೇರೆ ಊರಿನವರು ಅಳೆದು ನೋಡಿದರೆ ವಿದ್ಯಾಳ ಹೆಸರು ಕೆಡುತ್ತದೆ, ನನ್ನದಲ್ಲ. ಅಟೆಂಡೆಂಟಳ ಹೆಸರು ಯಾರಿಗೆ ಬೇಕು?

ಐದನೇ ದಿನ ಸರ್ ನನ್ನ ಕೈಗೆ ದಪ್ಪ ಲಕೋಟೆ ಕೊಟ್ಟರು. ಪುಣೆಗೆ ಕಳಿಸುವ ಲೇಖನ. "ರಜಿಸ್ಟರ್ ಮಾಡಿಸಿ ಬರ್ರಿ." ಪೋಸ್ಟಿನಲ್ಲಿ ಪಾಳಿ ಇತ್ತು. ನನ್ನ ಮುಂದಿನವನು ಚಾದರಿನ ಪಾರ್ಸಲ್ಲು ತೂಕಕ್ಕೆ ಇಟ್ಟು, ಅದು ಇಷ್ಟು ಭಾರ ಇಲ್ಲ, ತಕ್ಕಡಿ ತಪ್ಪಿದೆ ಅಂತ ಜಗಳ ತೆಗೆದಿದ್ದ. ಅವನು ಸರಿದ ಮೇಲೆ ಗುಮಾಸ್ತ ಮರಾಠಿಯಲ್ಲಿ, "ಎಲ್ಲಿಗೆ ಬಾಯಿ?" ಅಂತ ಕೈ ಚಾಚಿದ.

"ಎಲ್ಲಿಗೂ ಇಲ್ಲ" ಅಂದೆ. ಲಕೋಟೆ ಎದೆಗೆ ಹಿಡಿದುಕೊಂಡು ವಾಪಸು ಬಂದೆ.

ಸರ್ ಅವರ ಖೋಲಿಯಲ್ಲಿ ವಿದ್ಯಾನೂ ಇದ್ದಳು. ಲಕೋಟೆ ಮೇಜಿನ ಮೇಲೆ ಇಟ್ಟೆ.

"ಯಾಕ, ಪೋಸ್ಟ್ ಬಂದ್ ಐತೇನು?" ಸರ್ ಕೇಳಿದರು.

"ಪೋಸ್ಟ್ ತಗದೈತ್ರಿ. ಕಡೀ ಎರಡು ಮೆಟ್ಟಲ ನಾ ಅಳದಿಲ್ಲ. ಬಸ್ಸಿಗೆ ಹೊತ್ತಾಗ್ತಿತ್ತು. ಮೂರರ ಮಗ್ಗಿ ಹಾಕಿ ಬರದೀನಿ. ಮೂರು ಸಲಾನೂ."

ಸರ್ ಎದ್ದು ನಿಂತು ಮರಾಠಿಯಲ್ಲಿ ಶುರು ಮಾಡಿದರು. ಅದನ್ನು ಬರೆಯುವುದಿಲ್ಲ. ಮುಗಿದ ಮೇಲೆ ಕನ್ನಡಕ್ಕೆ ಬಂದರು. ನೀವು ಅನ್ನುವುದು ಹೋಗಿತ್ತು.

"ಮೂವತ್ತು ವರ್ಷ ಫಿಜಿಕ್ಸ್ ಕಲಿಸೀನಿ ನಾ. ನೀ ನನ್ನ ಕೈಲೆ ಮಗ್ಗಿ ಮ್ಯಾಲ ಲೇಖನ ಬರಸಿದಿ! ಕಾದೀಯೇನು ಅಂತ ಕೇಳಿದ್ನಿಲ್ಲ?"

"ಕಾದಿದ್ದೆ ಸರ್. ಅಳದೀಯೇನು ಅಂತ ಕೇಳಲಿಲ್ಲ ನೀವು."

ಹೇಳಬಾರದಿತ್ತು. ಆದರೆ ಸರ್ ಅದನ್ನು ಕೇಳಿ ಕುರ್ಚಿಯಲ್ಲಿ ಕೂತುಬಿಟ್ಟರು. "ಹೌದು" ಅಂದರು. "ಅದು ಕೇಳಲಿಲ್ಲ. ನನಗೂ ಆ ಗೆರಿ ಸೀದಾ ಬೇಕಾಗಿತ್ತು."

ವಿದ್ಯಾ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. ಬಿಳಿಚಿಕೊಂಡ ಮುಖದಿಂದ ನನ್ನನ್ನೇ ನೋಡುತ್ತಿದ್ದಳು.

"ಮೂರರ ಮಗ್ಗಿ, ಮಾವಶಿ? ಬರೇ ಮೂರರ ಮಗ್ಗಿ?"

"ಹೂಂ."

"ಕೂಸು ಹುಟ್ಟೂ ಮೊದಲ ಪೇಢೆ ಹಂಚಿದಂಗಾತು ನಂದು." ಆಮೇಲೆ ಕೇಳಿದಳು, "ಉಳಿದದ್ದು?"

ಅದೇ ಪ್ರಶ್ನೆ ಸರ್ ಅವರ ತಲೆಯಲ್ಲೂ ಇತ್ತು. ಹೊಸ ಸುದ್ದಿ ಹೋಯಿತು, ಹೋಗಲಿ. ಹೊಸ ಸುದ್ದಿ ಇಲ್ಲದೆಯೂ ಥೀಸಿಸ್ ಆಗುತ್ತದೆ. ಆದರೆ ಮೂರು ವರ್ಷದ ವಹಿಯಲ್ಲಿ ಅರ್ಧ ನನ್ನ ಕೈಬರಹ. ಆರು ಸಾಲು ಸುಳ್ಳು ಬರೆದವಳು ಅರವತ್ತು ಬರೆದಿಲ್ಲ ಅಂತ ಯಾರು ನಂಬಬೇಕು? ನಂಬದಿದ್ದರೆ ಎಲ್ಲ ಮೊದಲಿನಿಂದ. ವಿದ್ಯಾಳ ಸ್ಕಾಲರ್‌ಶಿಪ್ ಆ ವರ್ಷಕ್ಕೆ ಮುಗಿಯುತ್ತಿತ್ತು. ಇನ್ನೂ ಮೂರು ವರ್ಷ ಅವಳಿಗೆ ಸಿಗುತ್ತಿರಲಿಲ್ಲ.

"ಉಳಿದದ್ದು ಪೂರಾ ಅಳದದ್ದು" ಅಂದೆ.

"ನೀ ಅಂದ್ರ ಆತೇನು?" ಸರ್ ಅಂದರು.

"ನಾ ಅನ್ನೂದು ಬ್ಯಾಡ್ರಿ. ಮೀಟರ ಅನ್ನಲಿ. ಮೂರು ನಿಮಿಷದ ಮೆಟ್ಟಲ ಹಚ್ಚರಿ. ಅಲ್ಲಿತನಕ ಖರೇ ಐತಿ. ಅದು ಸುಳ್ಳಾದ್ರ ಎಲ್ಲಾ ಸುಳ್ಳ ಅಂತ ತಿಳೀರಿ, ನನ್ನ ಮನಿಗೆ ಕಳಸರಿ."

ಸರ್ ಲಕೋಟೆಯನ್ನು ಎತ್ತಿ ಎರಡು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಪುಣೆಗೆ ಫೋನ್ ಮಾಡಿ, ನಮ್ಮ ಅಳತೆಯಲ್ಲಿ ದೋಷ ಇದೆ, ಓದುವುದಿಲ್ಲ ಅಂದರು. ಯಾರ ದೋಷ ಅಂತ ಆ ಕಡೆಯವರು ಕೇಳಿರಬೇಕು. "ನನ್ನ ಲ್ಯಾಬಿಂದು" ಅಂದರು, ಅಷ್ಟೇ.

ಆ ಮಧ್ಯಾಹ್ನವೇ ವಿದ್ಯಾ ಹೊಸ ಗ್ಲಿಸರಿನ್ ತುಂಬಿದಳು. ನನಗೆ ಮುಟ್ಟಲು ಕೊಡಲಿಲ್ಲ. ಕ್ಯಾನು ಮಾತ್ರ ನಾನು ಎತ್ತಿ ಕೊಟ್ಟೆ. ಡಬ್ಬಿಯನ್ನು ಮೂರು ನಿಮಿಷದ ಮೆಟ್ಟಿಲಿಗೆ ಇಳಿಸಿದರು. ಬೆಳಗಿನ ತನಕ ಒಗ್ಗಿಕೊಳ್ಳಲಿ, ಕಾಯಲಿಲ್ಲ ಅನ್ನುವ ಮಾತೇ ಬೇಡ ಅಂತ ಸರ್ ಅವರೇ ಅಲ್ಲಿ ಉಳಿದರು. ನನ್ನನ್ನು ನಾಲ್ಕೂವರೆಯ ಬಸ್ಸಿಗೆ ಕಳಿಸಿದರು.

ಹೆದರಿಕೆ ಆಯಿತೇ ಅಂತ ನೀವು ಕೇಳಬಹುದು. ನನ್ನ ಅಳತೆಗೆ ಹೆದರಲಿಲ್ಲ. ಅಳೆದದ್ದನ್ನು ಅಳೆದೇ ಬರೆದಿದ್ದೆ. ಬಾಟಲಿ ಮುಚ್ಚಿದ್ದೆ, ಮಣಿ ಹುರಿದಿದ್ದೆ, ಕಾದಿದ್ದೆ. ಆದರೆ ವಿದ್ಯಾ ಅವಸರದಲ್ಲಿ ತುಂಬಿದ ಗ್ಲಿಸರಿನ್ ಸರಿಯಾಗಿ ಒಣಗಿತ್ತೋ ಇಲ್ಲವೋ ಅಂತ ಬಸ್ಸಿನಲ್ಲಿ ಯೋಚನೆ ಬಂತು. ಒಣಗದಿದ್ದರೆ ಮುಳ್ಳು ಬೇಗ ಇಳಿಯುತ್ತದೆ. ಆಗ ಖರೆ ಅಂಕಿಯೂ ಸುಳ್ಳಾಗಿ ಕಾಣುತ್ತದೆ, ಅವಳ ಮೂರು ವರ್ಷ ಹೋಗುತ್ತದೆ. ಆ ಒಂದು ಬಾಟಲಿ ನನ್ನ ಕೈಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲನೇ ಬಸ್ಸು ಹಿಡಿದು ಎಂಟಕ್ಕೆ ಲ್ಯಾಬಿನಲ್ಲಿದ್ದೆ. ಸರ್ ಮುಖ ತೊಳೆದುಕೊಂಡು ಬಂದರು, ಕಣ್ಣು ಕೆಂಪಾಗಿದ್ದವು. ವಿದ್ಯಾ ಬಂದಳು. ಮೊದಲು ನಾನು ಪಾತ್ರೆಯ ಮಣಿ ನೋಡಿದೆ. ನೀಲಿ ಇದ್ದವು. ಸ್ಟಾಪ್‌ವಾಚು ಸರ್ ಕೈಯಲ್ಲಿ. ವಹಿ ವಿದ್ಯಾಳ ಕೈಯಲ್ಲಿ, ಆ ಪುಟ ತೆರೆದು ಅಂಕಿಯ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದಳು. ಸ್ವಿಚ್ಚನ್ನೂ ಸರ್ ಅವರೇ ಒತ್ತಿದರು. ನನ್ನನ್ನು ಗೋಡೆಯ ಬದಿಗೆ ನಿಲ್ಲಿಸಿದ್ದರು.

ಮುಳ್ಳು ಹಾರಿತು. ಇಳಿಯತೊಡಗಿತು. ಮೊದಲು ಜೋರಾಗಿ, ಆಮೇಲೆ ಇಳಿಯುತ್ತದೋ ಇಲ್ಲವೋ ಅನ್ನುವ ಹಾಗೆ. ನಾನು ಗಡಿಯಾರ ನೋಡಲಿಲ್ಲ, ಮುಳ್ಳು ನೋಡಿದೆ. ಆ ನಡಿಗೆ ನನಗೆ ಗುರುತಿತ್ತು.

"ಬಂತು" ಅಂದಳು ವಿದ್ಯಾ.

ಸರ್ ವಾಚು ನಿಲ್ಲಿಸಿದರು. "ಮೂರು ನಿಮಿಷ ಎಂಟು ಸೆಕೆಂಡ್."

ವಿದ್ಯಾ ಅಂಗೈ ತೆಗೆದಳು. ವಹಿಯಲ್ಲಿ ನಾನು ಬರೆದದ್ದು ಮೂರು ನಿಮಿಷ ಹತ್ತು ಸೆಕೆಂಡು. ಸರ್ ಮತ್ತೆ ಸ್ವಿಚ್ಚು ಒತ್ತಿ ಅಳೆದರು: ಎರಡನೇ ಸಲ ಮೂರು ಹನ್ನೊಂದು, ಮೂರನೇ ಸಲ ಮೂರು ಒಂಬತ್ತು. ವಿದ್ಯಾ ಸ್ಟೂಲಿನ ಮೇಲೆ ಕೂತು ಮೂಗು ಒರೆಸಿಕೊಂಡಳು. ಆಗ ಅತ್ತಳು, ಸ್ವಲ್ಪವೇ.

"ವಹಿ ಉಳೀತು" ಅಂದರು ಸರ್. ನನ್ನ ಕಡೆ ತಿರುಗಿ, "ಆ ಆರು ಸಾಲು ನೀವ ಹೊಡೀರಿ. ಗಿಚ್ಚಬ್ಯಾಡ್ರಿ, ಒಂದ ಗೆರಿ. ತಪ್ಪು ಓದಾಕ ಬರಬೇಕು" ಅಂದರು.

ವಿದ್ಯಾಳ ಕೈಯಿಂದ ಕೆಂಪು ಪೆನ್ನು ಇಸಿದುಕೊಂಡೆ. ಅಳತೆಪಟ್ಟಿ ಇಟ್ಟು ಆರೂ ಸಾಲಿನ ಮೇಲೆ ಒಂದೊಂದೇ ಗೆರೆ ಎಳೆದೆ. ಪ್ರತಿ ಗೆರೆಯ ಮುಂದೆ ಕನ್ನಡದಲ್ಲಿ, ನನಗೆ ಬರುವ ದೊಡ್ಡ ಅಕ್ಷರದಲ್ಲಿ, "ಅಳೆದಿಲ್ಲ" ಅಂತ ಬರೆದೆ. ಕೆಳಗೆ ನನ್ನ ಹೆಸರು ಬರೆದೆ.